ಗಂಗಾವತಿಯಿಂದ ಬಳ್ಳಾರಿಗೆ 200 ಜಿಬಿ ಮದುವೆ ವಿಡಿಯೊ: ಕ್ಲೌಡ್ ಇಲ್ಲದೆ ನೇರವಾಗಿ, ಬೇಗ, ಸೇಫಾಗಿ ಕಳಿಸುವುದು ಹೇಗೆ?

ಗಂಗಾವತಿ_ಲೆನ್ಸ್

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೊ ಇದೆ. ಶೂಟಿಂಗ್ ಇಲ್ಲಿ, ಎಡಿಟಿಂಗ್ ಬಳ್ಳಾರಿಯಲ್ಲಿ, ಆಲ್ಬಮ್ ಪ್ರಿಂಟ್ ರಾಯಚೂರಿನಲ್ಲಿ. ಎರಡು ಕ್ಯಾಮೆರಾ, ಒಂದು ಡ್ರೋನ್ ಸೇರಿದರೆ ಒಂದು ಮದುವೆಗೆ ಹತ್ತಿರ ಹತ್ತಿರ 200 ಜಿಬಿ ಆಗುತ್ತದೆ. ಇಷ್ಟು ದಿನ ಹಾರ್ಡ್ ಡಿಸ್ಕ್ ಹುಡುಗನ ಕೈಗೆ ಕೊಟ್ಟು ಬಳ್ಳಾರಿ ಬಸ್ಸು ಹತ್ತಿಸುತ್ತಿದ್ದೆವು. ಲಗ್ನದ ಸೀಸನ್‌ನಲ್ಲಿ ಇದಕ್ಕೇ ಒಬ್ಬ ಆಳು ಬೇಕಾಗುತ್ತದೆ.

ಕ್ಲೌಡ್ ಬೇಡ ಅನಿಸಿದೆ. ನಾವು ಒಂದು ಸಲ ಏರಿಸಬೇಕು, ಅವರು ಇನ್ನೊಂದು ಸಲ ಇಳಿಸಬೇಕು, ಜಾಗಕ್ಕೆ ತಿಂಗಳ ದುಡ್ಡು ಬೇರೆ. ಅಳಿಯ ಬಂದು ಎರಡೂ ಕಡೆ ಸಿಂಕ್‌ಥಿಂಗ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಟ್ಟ. ಕಂಪ್ಯೂಟರಿಂದ ಕಂಪ್ಯೂಟರಿಗೆ ನೇರ, ನಡುವೆ ಯಾರೂ ಇಲ್ಲ ಅಂದ. ಫೈಲ್ ಹೋಗುತ್ತಿರುವುದೇನೋ ನಿಜ, ಆದರೆ ಸೆಕೆಂಡಿಗೆ 300 ಕೆಬಿ! ನಮ್ಮದು 100 ಎಂಬಿಪಿಎಸ್ ಫೈಬರ್. ಹೀಗೇ ಆದರೆ ವಿಡಿಯೊ ಮುಟ್ಟುವ ಹೊತ್ತಿಗೆ ಮದುಮಕ್ಕಳಿಗೆ ಮಗು ಆಗಿರುತ್ತದೆ.

ಇನ್ನೊಂದು ಭಯ ಇದೆ. ಜನರ ಮನೆಯ ಹೆಣ್ಣುಮಕ್ಕಳ ಫೋಟೊ, ವಿಡಿಯೊ ಇವು. ಒಂದು ಕ್ಲಿಪ್ ಹೊರಗೆ ಹೋದರೂ ನಮ್ಮ ಅಂಗಡಿ ಮುಚ್ಚಿದ ಹಾಗೆ. ಈ ಪೀರ್ ಟು ಪೀರ್, ಅಂದರೆ ಹೀಗೆ ನೇರವಾಗಿ ಕಳಿಸುವುದು, ಎಷ್ಟು ಸೇಫ್?

ಕೌಲ್‌ಬಜಾರ್_ಹುಡುಗ

ಬಸ್ಸೇ ಫಾಸ್ಟ್ ಅಣ್ಣ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕದ_ಮೇಷ್ಟ್ರು

> ಮದುಮಕ್ಕಳಿಗೆ ಮಗು ಆಗಿರುತ್ತದೆ

ಸೆಕೆಂಡಿಗೆ 300 ಕೆಬಿ ಅಂದರೆ 200 ಜಿಬಿಗೆ ಎಂಟು ದಿನದ ಒಳಗೇ ಆಗುತ್ತದೆ. ಅಷ್ಟರಲ್ಲಿ ಮಗು ಆಗುವುದಿಲ್ಲ.

ಸಿಂಧನೂರು_ಪ್ಯಾಕೆಟ್

ಲೆನ್ಸ್ ಅವರೇ, ಮೊದಲು ಎರಡು ವಿಷಯ ನೋಡಿ ಹೇಳಿ. ಸ್ಪೀಡ್ ಟೆಸ್ಟ್ ಮಾಡಿ ಅಪ್‌ಲೋಡ್ ಎಷ್ಟಿದೆ? 100 ಅಂತ ಬೋರ್ಡ್ ಮೇಲೆ ಬರೆದಿರುವುದು ಎಷ್ಟೋ ಸಲ ಡೌನ್‌ಲೋಡ್ ಮಾತ್ರ. ಕಳಿಸುವವರು ನೀವು, ಹಾಗಾಗಿ ನಿಮ್ಮ ಅಪ್‌ಲೋಡೇ ಗಡಿ. ಬಳ್ಳಾರಿ ಹುಡುಗನ ಹತ್ತಿರ 300 ಎಂಬಿಪಿಎಸ್ ಇದ್ದರೂ ಪ್ರಯೋಜನ ಇಲ್ಲ.

ಎರಡನೆಯದು, ಸಿಂಕ್‌ಥಿಂಗ್ ಪರದೆಯಲ್ಲಿ ಬಲಗಡೆ ಬಳ್ಳಾರಿ ಕಂಪ್ಯೂಟರಿನ ಹೆಸರು ಒತ್ತಿ. ಸಂಪರ್ಕದ ಬಗೆ ಅಂತ ಒಂದು ಸಾಲು ಬರುತ್ತದೆ. ಅಲ್ಲಿ ಟಿಸಿಪಿ, ಕ್ವಿಕ್, ರಿಲೇ ಇವುಗಳಲ್ಲಿ ಯಾವುದಿದೆ? ಮೊದಲೆರಡು ನೇರ ದಾರಿ, ರಿಲೇ ಅಂದರೆ ಸುತ್ತು ದಾರಿ.

ಗಂಗಾವತಿ_ಲೆನ್ಸ್

ಅಪ್‌ಲೋಡ್ 40ರ ಆಸುಪಾಸು ತೋರಿಸಿತು. ಸಂಪರ್ಕದ ಜಾಗದಲ್ಲಿ ರಿಲೇ ಅಂತ ಇದೆ.

ಸಿಂಧನೂರು_ಪ್ಯಾಕೆಟ್

ಸಿಕ್ಕಿತು ನೋಡಿ. ನಿಮ್ಮ ಫೈಲ್ ನೇರವಾಗಿ ಹೋಗುತ್ತಲೇ ಇಲ್ಲ. ಎರಡೂ ಕಂಪ್ಯೂಟರಿಗೆ ನೇರ ದಾರಿ ಸಿಗದಿದ್ದರೆ ಸಿಂಕ್‌ಥಿಂಗ್ ರಿಲೇ ಸರ್ವರ್ ಮೂಲಕ ಸುತ್ತಿಸಿ ಕಳಿಸುತ್ತದೆ. ಆ ರಿಲೇಗಳನ್ನು ಸ್ವಯಂಸೇವಕರು ನಡೆಸುತ್ತಾರೆ. ಅದು ಯಾವ ದೇಶದಲ್ಲೋ ಇರಬಹುದು, ನಿಮ್ಮಂಥ ನೂರಾರು ಜನ ಅದೇ ಪೈಪಿಗೆ ಬಾಯಿ ಹಾಕಿರಬಹುದು. ಅದಕ್ಕೇ 300 ಕೆಬಿ.

ನೇರ ದಾರಿ ಸಿಕ್ಕರೆ 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 5 ಎಂಬಿ. ಪ್ಲಾನ್‌ನಲ್ಲಿ ಬರೆಯುವುದು ಬಿಟ್, ಕಂಪ್ಯೂಟರ್ ತೋರಿಸುವುದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಬೇಕು. 200 ಜಿಬಿಗೆ 11 ಗಂಟೆ. ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿ ಹೋದರೆ ಬೆಳಿಗ್ಗೆ ಬರುವಷ್ಟರಲ್ಲಿ ಮುಗಿದಿರುತ್ತದೆ.

ಹೊಳೆದಂಡೆ

ಹಾಗಾದರೆ ಕೌಲ್‌ಬಜಾರ್ ತಮ್ಮ ಹೇಳಿದ್ದು ಸುಳ್ಳಲ್ಲ. ಬಸ್ಸು ಎರಡೂವರೆ ಗಂಟೆ ಅಂದುಕೊಳ್ಳಿ. ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರೆಯುತ್ತದೆ. 200 ಜಿಬಿ ತುಂಬಲು ಅರ್ಧ ಗಂಟೆ ಮೇಲೆ ಸ್ವಲ್ಪ, ಆ ಕಡೆ ಇಳಿಸಲು ಅಷ್ಟೇ. ಒಟ್ಟು ಮೂರೂವರೆ ಗಂಟೆ ಚಿಲ್ಲರೆ. ಅಂದರೆ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ವೇಗ 120 ಎಂಬಿಪಿಎಸ್ ಮೇಲೇ ಬಂತು! ಟಿಕೆಟ್ ದುಡ್ಡು ಮಾತ್ರ ಬೇರೆ.

ಕೌಲ್‌ಬಜಾರ್_ಹುಡುಗ

ನಾನು ಹೇಳಲಿಲ್ವಾ.

ಸ್ಟೇಷನ್‌ರೋಡ್_ರಾಯಚೂರು

ಬಸ್ಸಿನಲ್ಲಿ ಡಿಸ್ಕ್ ಮರೆತು ಇಳಿದರೆ? ಅದಕ್ಕೆ ಪಾಸ್‌ವರ್ಡ್ ಹಾಕಿದ್ದೀರಾ? ಬಸ್ಸಿಗೆ ವೇಗ ಇದೆ, ಎನ್‌ಕ್ರಿಪ್ಶನ್ ಇಲ್ಲ. ಡಿಸ್ಕ್ ಕಳಿಸುವುದಾದರೂ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್ ಹಾಕಿಯೇ ಕಳಿಸಿ.

ಇನ್ನು ರಿಲೇ ಯಾಕೆ ಬಂತು ಅನ್ನುವುದು. ನಿಮ್ಮ ರೂಟರ್ ಒಳಗೆ ಹೋಗಿ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಡೆಗಿನ ವಿಳಾಸ, ಯಾವುದಿದೆ ನೋಡಿ. 100.64 ರಿಂದ 100.127 ರವರೆಗಿನ ನಂಬರಿನಿಂದ ಶುರುವಾದರೆ ನೀವು ಸಿಜಿನ್ಯಾಟ್ ಒಳಗಿದ್ದೀರಿ, ಅಂದರೆ ಒಂದೇ ಪಬ್ಲಿಕ್ ವಿಳಾಸವನ್ನು ಕಂಪನಿ ಹಲವರಿಗೆ ಹಂಚಿದೆ. ಆ ಸಾಲು ನಂಬರನ್ನು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದೇ ಇಟ್ಟಿದ್ದಾರೆ. ಬೇರೆ ನಂಬರ್ ಕಂಡರೂ, ನನ್ನ ಐಪಿ ಯಾವುದು ಅಂತ ತೋರಿಸುವ ವೆಬ್‌ಸೈಟ್ ಇನ್ನೊಂದು ನಂಬರ್ ಹೇಳಿದರೆ ಅದೇ ಕಥೆ. ಒಂದು ವಠಾರಕ್ಕೆ ಒಂದೇ ಹೆಬ್ಬಾಗಿಲು ಇದ್ದ ಹಾಗೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಬಂದು ಯಾವ ಮನೆ ಅಂತ ಕೇಳಿದರೆ ಹೇಳುವವರು ಇಲ್ಲ. ನೀವು ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ (ಒಳಬರುವ ಬಾಗಿಲು) ತೆರೆದರೂ ಕೆಲಸಕ್ಕೆ ಬರುವುದಿಲ್ಲ, ಮುಖ್ಯ ಬಾಗಿಲು ಕಂಪನಿಯವರ ಹತ್ತಿರ ಇದೆ.

ಎರಡು ಕಡೆಯಲ್ಲಿ ಒಂದು ಕಡೆ ತೆರೆದಿದ್ದರೂ ಸಾಕು, ನೇರ ಸಂಪರ್ಕ ಆಗುತ್ತದೆ. ಎರಡೂ ಕಡೆ ಸಿಜಿನ್ಯಾಟ್ ಇದ್ದಾಗಲೇ ಕಷ್ಟ.

ಕುಷ್ಟಗಿ_ಕೇಬಲ್

ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಪಬ್ಲಿಕ್ ವಿಳಾಸ, ತೆಗೆದುಕೊಳ್ಳಿ ಸರ್. ನಮ್ಮ ಕಡೆ ಕೇಬಲ್‌ನವರೇ ತಿಂಗಳಿಗೆ ಇಷ್ಟು ಅಂತ ತೆಗೆದುಕೊಂಡು ಕೊಡುತ್ತಾರೆ.

ಸ್ಟೇಷನ್‌ರೋಡ್_ರಾಯಚೂರು

ದುಡ್ಡು ಕೊಡುವ ಮೊದಲು ಐಪಿವಿ6, ಅಂದರೆ ಹೊಸ ಮಾದರಿಯ ಐಪಿ ವಿಳಾಸ, ಇದೆಯಾ ನೋಡಲಿ. ಅದರಲ್ಲಿ ಪ್ರತಿ ಕಂಪ್ಯೂಟರಿಗೂ ತನ್ನದೇ ಪಬ್ಲಿಕ್ ವಿಳಾಸ ಇರುತ್ತದೆ, ನ್ಯಾಟ್ ತಕರಾರೇ ಇಲ್ಲ. ಎಷ್ಟೋ ಕಡೆ ಕಂಪನಿ ಕೊಟ್ಟಿರುತ್ತದೆ, ರೂಟರಿನಲ್ಲಿ ಯಾರೂ ಆನ್ ಮಾಡಿರುವುದಿಲ್ಲ. ಎರಡೂ ಕಡೆ ಆನ್ ಮಾಡಿ, ಒಂದು ಕಡೆ ಫೈರ್‌ವಾಲ್‌ನಲ್ಲಿ ಸಿಂಕ್‌ಥಿಂಗ್ ಬಳಸುವ 22000 ಪೋರ್ಟನ್ನು ಆ ಒಂದು ಕಂಪ್ಯೂಟರಿಗೆ ಮಾತ್ರ ಬಿಡಿ. ಟಿಸಿಪಿ, ಯುಡಿಪಿ ಎರಡೂ.

ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ! ಕೆಲವರು ಹಾಗೂ ಮಾಡುತ್ತಾರೆ.

ಬಿಸಿಲುಕುದುರೆ

ಇಷ್ಟೆಲ್ಲ ಯಾಕೆ? ರೂಟರಿನಲ್ಲಿ ಯುಪಿಎನ್‌ಪಿ ಅನ್ನುವ ಸೆಟ್ಟಿಂಗ್ ಆನ್ ಮಾಡಿದರೆ ಪೋರ್ಟ್ ತಾನೇ ತೆರೆದುಕೊಳ್ಳುತ್ತದೆ.

ಸ್ಟೇಷನ್‌ರೋಡ್_ರಾಯಚೂರು

ತಾನೇ ತೆರೆದುಕೊಳ್ಳುತ್ತದೆ, ಅದೇ ತೊಂದರೆ. ಮನೆಯ ಯಾವ ಸಾಫ್ಟ್‌ವೇರ್ ಬೇಕಾದರೂ, ಅಗ್ಗದ ಸಿಸಿಟಿವಿ ಡಬ್ಬಿ ಕೂಡ, ನಿಮ್ಮನ್ನು ಕೇಳದೆ ಹೊರಗಿನವರಿಗೆ ಬಾಗಿಲು ತೆರೆಯಬಹುದು. ಸ್ಟುಡಿಯೊದಲ್ಲಿ ಬೇಡ. ಅದೂ ಅಲ್ಲದೆ ಸಿಜಿನ್ಯಾಟ್ ಮುಂದೆ ಯುಪಿಎನ್‌ಪಿ ಆಟ ನಡೆಯುವುದಿಲ್ಲ.

ಕಿನ್ನಾಳ_ಗೊಂಬೆ

ಪೀರ್ ಟು ಪೀರ್ ಅಂದರೆ ಟಾರೆಂಟ್ ಅಲ್ವಾ? ಅದು ಕಾನೂನುಬಾಹಿರ. ಅಂಗಡಿಯವರು ಇದಕ್ಕೆ ಕೈ ಹಾಕಬಾರದು.

ಸಿಂಧನೂರು_ಪ್ಯಾಕೆಟ್

ಅಲ್ಲ ಸರ್. ಟಾರೆಂಟ್ ಅಂದರೆ ಫೈಲನ್ನು ತುಂಡು ಮಾಡಿ ಹಲವರ ನಡುವೆ ಹಂಚುವ ಒಂದು ವಿಧಾನ ಅಷ್ಟೇ. ಉಬುಂಟು, ಡೆಬಿಯನ್‌ನವರು ತಮ್ಮ ಆಪರೇಟಿಂಗ್ ಸಿಸ್ಟಮ್ ಹಾಕುವ ಐಎಸ್ಒ ಫೈಲನ್ನು ಅಧಿಕೃತವಾಗಿ ಟಾರೆಂಟಿನಲ್ಲೂ ಕೊಡುತ್ತಾರೆ, ಇಂಟರ್ನೆಟ್ ಆರ್ಕೈವ್ ಕೂಡ ಕೊಡುತ್ತದೆ. ಬೇರೆಯವರ ಸಿನಿಮಾ ಹಂಚಿದರೆ ತಪ್ಪು, 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. ನಾವೇ ಶೂಟ್ ಮಾಡಿದ ವಿಡಿಯೊ ನಮ್ಮ ಎಡಿಟರಿಗೆ ಕಳಿಸಿದರೆ ಯಾವ ತಪ್ಪು?

ಕಿನ್ನಾಳ_ಗೊಂಬೆ

ಸರಿ, ಒಪ್ಪಿದೆ. ಆದರೂ ಹೆಸರು ಕೇಳಿದರೆ ಹೆದರಿಕೆ.

ಬಿಸಿಲುಕುದುರೆ

ಲೆನ್ಸ್ ಅಣ್ಣ, ಟಾರೆಂಟ್ ಫೈಲ್ ಮಾಡಿ ಕಳಿಸಿ. ಸೆಟ್ಟಿಂಗ್‌ನಲ್ಲಿ ಎನ್‌ಕ್ರಿಪ್ಶನ್ ಕಡ್ಡಾಯ ಅಂತ ಟಿಕ್ ಹಾಕಿದರೆ ಯಾರೂ ನೋಡುವುದಕ್ಕಾಗಲ್ಲ. ಪೂರ್ತಿ ಸೇಫ್.

ಜೀನ್ಸ್_ಮಾರ್ಕರ್

ಇದನ್ನು ನಂಬಿ ಯಾರೂ ಗ್ರಾಹಕರ ಫೈಲ್ ಹಾಕಬೇಡಿ, ದಯವಿಟ್ಟು.

ನಾನು ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಪ್ಯಾಟರ್ನ್ ಮತ್ತು ಮಾರ್ಕರ್ (ಬಟ್ಟೆ ಕತ್ತರಿಸುವ ನಕ್ಷೆ) ಕೆಲಸ ಮಾಡುತ್ತೇನೆ. ನಮ್ಮ ಫೈಲ್ ಗಾತ್ರ ಏನೇನೂ ಅಲ್ಲ, ಆದರೆ ಹೊಸ ಪ್ಯಾಟರ್ನ್ ಪಕ್ಕದ ಯೂನಿಟ್ ಕೈಗೆ ಸಿಕ್ಕರೆ ಸೀಸನ್ ಹೋಯಿತು. ಅದಕ್ಕೇ ಇದನ್ನೆಲ್ಲ ಕುಳಿತು ಓದಿದ್ದೇನೆ.

ಟಾರೆಂಟಿನ ಆ ಟಿಕ್ ಇರುವುದು ಇಂಟರ್ನೆಟ್ ಕಂಪನಿಯವರು ಟಾರೆಂಟ್ ಟ್ರಾಫಿಕ್ ಗುರುತಿಸಿ ನಿಧಾನ ಮಾಡದಿರಲಿ ಅಂತ. ಎದುರಿಗಿರುವವರು ಯಾರು ಅಂತ ಅದು ಪರೀಕ್ಷೆ ಮಾಡುವುದಿಲ್ಲ. ಮ್ಯಾಗ್ನೆಟ್ ಲಿಂಕ್, ಅಂದರೆ ಆ ಟಾರೆಂಟಿಗೆ ಸೇರುವ ಲಿಂಕ್, ಯಾರ ಕೈಗೆ ಸಿಕ್ಕರೂ ಅವರೂ ಒಬ್ಬ ಪೀರ್ ಆಗಿ ಬಂದು ಸೇರುತ್ತಾರೆ, ಅವರಿಗೂ ನೀವು ಎನ್‌ಕ್ರಿಪ್ಟ್ ಮಾಡಿಯೇ ಚೆನ್ನಾಗಿ ಕಳಿಸುತ್ತೀರಿ! ನಿಮ್ಮ ಐಪಿ ವಿಳಾಸ ಗುಂಪಿನಲ್ಲಿರುವ ಎಲ್ಲರಿಗೂ ಕಾಣುತ್ತದೆ. ಪ್ರೈವೇಟ್ ಅಂತ ಗುರುತು ಹಾಕಿದರೆ ಡಿಎಚ್‌ಟಿ ಅನ್ನುವ ಪೀರ್ ಹುಡುಕುವ ಸಾರ್ವಜನಿಕ ಜಾಲದಲ್ಲಿ ಹರಡುವುದಿಲ್ಲ, ಅಷ್ಟು ಮಾತ್ರ ಲಾಭ.

ಟಾರೆಂಟಲ್ಲೇ ಕಳಿಸಬೇಕು ಅಂದರೆ ಮೊದಲು 7-ಜಿಪ್‌ನಲ್ಲಿ ಎಇಎಸ್-256 ಪಾಸ್‌ವರ್ಡ್ ಹಾಕಿ ಕಟ್ಟಿ. ಫೈಲ್ ಹೆಸರನ್ನೂ ಮುಚ್ಚುವ ಆಯ್ಕೆ ಇದೆ, ಅದನ್ನೂ ಹಾಕಿ. ಹಳೆಯ ಜಿಪ್ ಪಾಸ್‌ವರ್ಡ್ ವಿಧಾನ ಬಹಳ ಸಡಿಲ. ಪಾಸ್‌ವರ್ಡನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳಿ, ಲಿಂಕ್ ಹಾಕಿದ ವಾಟ್ಸಾಪ್ ಮೆಸೇಜಿನ ಕೆಳಗೇ ಹಾಕಬೇಡಿ.

ಬಿಸಿಲುಕುದುರೆ

ಅಕ್ಕಾ, ಅಷ್ಟು ಸಿಟ್ಟು ಯಾಕೆ. ಪ್ರತಿ ತುಂಡಿಗೂ ಹ್ಯಾಶ್ (ಬೆರಳಚ್ಚಿನಂಥ ಗುರುತು) ಪರೀಕ್ಷೆ ಇದೆಯಲ್ಲ ಟಾರೆಂಟಿನಲ್ಲಿ? ಒಂದು ಬಿಟ್ ಬದಲಾದರೂ ತೆಗೆದುಕೊಳ್ಳುವುದಿಲ್ಲ.

ಜೀನ್ಸ್_ಮಾರ್ಕರ್

ಸಿಟ್ಟಿಲ್ಲ ತಮ್ಮಾ. ಹ್ಯಾಶ್ ಇದೆ, ನಿಜ. ಫೈಲ್ ದಾರಿಯಲ್ಲಿ ಕೆಟ್ಟಿಲ್ಲ ಅಂತ ಅದು ಹೇಳುತ್ತದೆ. ಯಾರ್‍ಯಾರು ನೋಡಿದರು ಅಂತ ಹೇಳುವುದಿಲ್ಲ. ಫೈಲ್ ಒಳಗೆ ವೈರಸ್ ಇಲ್ಲ ಅಂತಲೂ ಹೇಳುವುದಿಲ್ಲ. ವೈರಸ್ ಇರುವ ಫೈಲಿಗೂ ಸರಿಯಾದ ಹ್ಯಾಶ್ ಇರುತ್ತದೆ.

ಹೊಳೆದಂಡೆ

ಹ್ಯಾಶ್ ಮಾತು ಬಂತಲ್ಲ, ಒಂದು ವಿಷಯ. ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟಾರೆಂಟ್ ಹೊರತಂದಾಗ ಎಸ್‌ಎಚ್‌ಎ-1 ಅನ್ನುವ ಹ್ಯಾಶ್ ವಿಧಾನ ಬಳಸಿದ್ದರು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಸ್ಥೆಯವರು ಬೇರೆ ಬೇರೆ ಎರಡು ಪಿಡಿಎಫ್‌ಗೆ ಒಂದೇ ಎಸ್‌ಎಚ್‌ಎ-1 ಬರುವ ಹಾಗೆ ಮಾಡಿ ತೋರಿಸಿದರು. ಅದಾದ ಮೇಲೆ ಬಂದ ಎರಡನೇ ಆವೃತ್ತಿಯಲ್ಲಿ ಎಸ್‌ಎಚ್‌ಎ-256 ಇದೆ. ಅದರಲ್ಲಿ 16 ಕೆಬಿ ತುಂಡಿನ ಮಟ್ಟಕ್ಕೆ ಇಳಿದು ಯಾವುದು ಕೆಟ್ಟಿದೆ ಅಂತ ಕಂಡುಹಿಡಿಯಬಹುದು. ಹಳೆಯದರಲ್ಲಿ ಹಲವು ಎಂಬಿಯ ಇಡೀ ಪೀಸ್ ಎಸೆದು ಮತ್ತೆ ತರಬೇಕಿತ್ತು. ಸುರಕ್ಷತೆಗೆ ಮಾಡಿದ್ದು ವೇಗಕ್ಕೂ ಆಯಿತು.

ಕೌಲ್‌ಬಜಾರ್_ಹುಡುಗ

ಸಾಫ್ಟ್‌ವೇರೇ ಮೋಸ ಮಾಡಿದರೆ?

ಹೊಳೆದಂಡೆ

ಅದೂ ಆಗಿದೆ. 2016ರ ಮಾರ್ಚಿನಲ್ಲಿ ಟ್ರಾನ್ಸ್‌ಮಿಶನ್ ಅನ್ನುವ ಟಾರೆಂಟ್ ಸಾಫ್ಟ್‌ವೇರಿನ ಮ್ಯಾಕ್ ಆವೃತ್ತಿಯೊಳಗೇ ರ್‍ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಸೇರಿಸಿ, ಅವರದೇ ವೆಬ್‌ಸೈಟಿನಲ್ಲಿ ಇಟ್ಟಿದ್ದರು. ಕ್ಯೂಬಿಟ್‌ಟಾರೆಂಟ್ ಅನ್ನುವ ಇನ್ನೊಂದರಲ್ಲಿ, ಎದುರಿನ ವೆಬ್‌ಸೈಟ್ ಅಸಲಿಯೇ ಅಂತ ಹೇಳುವ ಸರ್ಟಿಫಿಕೇಟ್ ಸರಿಯಾಗಿ ಪರೀಕ್ಷಿಸದ ದೋಷ 14 ವರ್ಷ ಹಾಗೇ ಇತ್ತು, 2024ರಲ್ಲಿ 5.0.1 ಆವೃತ್ತಿಯಲ್ಲಿ ಸರಿ ಮಾಡಿದರು. ಅಪ್‌ಡೇಟ್ ಬಂದಾಗ ನಾಳೆ ಅನ್ನಬೇಡಿ.

ಮಾನ್ವಿ_ಮೊಬೈಲ್ಸ್

ನಮ್ಮ ಅಂಗಡಿಗೆ ಈಗಲೂ ಜನ ಬಂದು ಶೇರ್‌ಇಟ್ ಹಾಕಿಕೊಡಿ ಅಂತ ಕೇಳುತ್ತಾರೆ. 2020ರ ಜೂನ್‌ನಲ್ಲಿ 59 ಆ್ಯಪ್ ನಿಷೇಧ ಆಯಿತಲ್ಲ, ಆ ಪಟ್ಟಿಯಲ್ಲಿ ಶೇರ್‌ಇಟ್, ಜೆಂಡರ್ ಎರಡೂ ಇದ್ದವು. ಎಲ್ಲಿಂದಲೋ ಎಪಿಕೆ (ಆ್ಯಪ್ ಹಾಕುವ ಫೈಲ್) ತಂದು ಹಾಕಿಕೊಂಡು ಬಂದವರ ಫೋನಿನಲ್ಲಿ ಬರೀ ಜಾಹೀರಾತು. ಪಕ್ಕದಲ್ಲೇ ಕುಳಿತವರಿಗೆ ಕಳಿಸಲು ಆಂಡ್ರಾಯ್ಡ್‌ನ ಕ್ವಿಕ್ ಶೇರ್ ಸಾಕು. ಕಂಪ್ಯೂಟರು, ಐಫೋನು ಎಲ್ಲ ಕಲಬೆರಕೆ ಇದ್ದರೆ ಲೋಕಲ್‌ಸೆಂಡ್ ಹಾಕಿ. ಇಂಟರ್ನೆಟ್ ಬೇಕಾಗಿಲ್ಲ, ಒಂದೇ ವೈಫೈನಲ್ಲಿದ್ದರೆ ಆಯಿತು, ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ.

ಲ್ಯಾಬ್_ಇನ್‌ಚಾರ್ಜ್_ಕೊಪ್ಪಳ

ವಿಷಯಾಂತರ, ಕ್ಷಮಿಸಿ. ಕಾಲೇಜ್ ಲ್ಯಾಬ್‌ನಲ್ಲಿ 40 ಕಂಪ್ಯೂಟರಿಗೆ ಒಂದೇ 60 ಜಿಬಿ ಇಮೇಜ್ (ಇಡೀ ಸಿಸ್ಟಮ್‌ನ ನಕಲು ಫೈಲ್) ಹಾಕಬೇಕು. ಒಂದು ಸರ್ವರಿನಿಂದ ಎಲ್ಲವೂ ಎಳೆದರೆ ಸತ್ತೇಹೋಗುತ್ತದೆ. ಇದಕ್ಕೆ ಪೀರ್ ಟು ಪೀರ್ ಆಗುತ್ತದಾ?

ಹೊಳೆದಂಡೆ

ಇದಕ್ಕೇ ಹುಟ್ಟಿದ್ದು ಅದು ಸರ್! ಲೆನ್ಸ್ ಅವರದು ಒಬ್ಬರಿಂದ ಒಬ್ಬರಿಗೆ, ಅಲ್ಲಿ ಟಾರೆಂಟಿನಿಂದ ವೇಗ ಹೆಚ್ಚುವುದಿಲ್ಲ. ಒಬ್ಬರಿಂದ ನಲವತ್ತು ಜನಕ್ಕೆ ಅಂದಾಗ ಅದರ ನಿಜವಾದ ಆಟ. ಯಾವ ತುಂಡು ಎಲ್ಲರಿಗಿಂತ ಕಡಿಮೆ ಜನರ ಹತ್ತಿರ ಇದೆಯೋ ಅದನ್ನು ಮೊದಲು ತರುತ್ತದೆ. ಹಾಗಾಗಿ ಸ್ವಲ್ಪ ಹೊತ್ತಿನಲ್ಲೇ ಎಲ್ಲರ ಕೈಯಲ್ಲೂ ಬೇರೆ ಬೇರೆ ತುಂಡು ಇರುತ್ತದೆ, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುತ್ತಾರೆ. ಕೊಟ್ಟವರಿಗೆ ಮೊದಲು ಕೊಡುವ ನಿಯಮ ಇದೆ. ಹೊಸಬರಿಗೂ ಅವಕಾಶ ಸಿಗಲಿ ಅಂತ 30 ಸೆಕೆಂಡಿಗೊಮ್ಮೆ ಯಾರಾದರೂ ಒಬ್ಬರಿಗೆ ಸುಮ್ನೆ ಕೊಟ್ಟು ನೋಡುತ್ತದೆ. ಸರ್ವರಿನಲ್ಲಿ ಸೂಪರ್ ಸೀಡಿಂಗ್ ಆನ್ ಮಾಡಿ, ಒಂದೇ ತುಂಡನ್ನು ಮತ್ತೆ ಮತ್ತೆ ಕಳಿಸುವುದು ಕಡಿಮೆ ಆಗುತ್ತದೆ. ಒಂದೇ ನೆಟ್‌ವರ್ಕಿನ ಕಂಪ್ಯೂಟರುಗಳು ಒಂದನ್ನೊಂದು ಹುಡುಕಿಕೊಳ್ಳಲು ಲೋಕಲ್ ಪೀರ್ ಡಿಸ್ಕವರಿ ಕೂಡ ಆನ್ ಇರಲಿ.

ಆಮೇಲೆ ಸ್ವಿಚ್ ಗಿಗಾಬಿಟ್ ಇದೆಯಾ?

ಲ್ಯಾಬ್_ಇನ್‌ಚಾರ್ಜ್_ಕೊಪ್ಪಳ

ಸ್ವಿಚ್ ಗಿಗಾಬಿಟ್. ಆದರೆ ಅರ್ಧ ಕಂಪ್ಯೂಟರಿನಲ್ಲಿ ಲಿಂಕ್ 100 ಅಂತಲೇ ತೋರಿಸುತ್ತದೆ.

ಕುಷ್ಟಗಿ_ಕೇಬಲ್

ಕೇಬಲ್ ನೋಡಿ ಸರ್, ಪಂದ್ಯ ಕಟ್ಟುತ್ತೇನೆ. ಆರ್‌ಜೆ45 ಕ್ಲಿಪ್ಪನ್ನು ಬೆಳಕಿಗೆ ಹಿಡಿದರೆ ಒಳಗೆ ಎಂಟು ತಂತಿ ಕಾಣಬೇಕು. ಅವಸರದಲ್ಲಿ ಕ್ರಿಂಪ್ ಮಾಡಿದವರು ನಾಲ್ಕೇ ಹಾಕಿರುತ್ತಾರೆ, ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ. ನೀಲಿ, ಕಂದು ಜೋಡಿಯನ್ನು ಹೊರಗೇ ಕತ್ತರಿಸಿ ಬಿಟ್ಟಿರುತ್ತಾರೆ. 100ಕ್ಕೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕೇಬಲ್ ಬದಲಿಸುವುದು ಬೇಡ, ತುದಿ ಕತ್ತರಿಸಿ ಹೊಸ ಕ್ಲಿಪ್ ಹಾಕಿದರೆ ಆಗುತ್ತದೆ. ಸೆಕೆಂಡಿಗೆ 11 ಎಂಬಿ ಬರುತ್ತಿದ್ದ ಕಡೆ 100ರ ಮೇಲೆ ಬರುತ್ತದೆ.

ಲ್ಯಾಬ್_ಇನ್‌ಚಾರ್ಜ್_ಕೊಪ್ಪಳ

ಈಗಷ್ಟೇ ಒಂದು ಎಳೆದು ನೋಡಿದೆ. ನಾಲ್ಕೇ ತಂತಿ! ಕೆಲಸ ಮಾಡಿದವರು ಬಿಲ್ ಮಾತ್ರ ಎಂಟಕ್ಕೆ ಹಾಕಿದ್ದಾರೆ.

ಬಿಸಿಲುಕುದುರೆ

😂😂

ಗಂಗಾವತಿ_ಲೆನ್ಸ್

ಸರ್, ಐಪಿವಿ6 ಎರಡೂ ಕಡೆ ಇತ್ತು, ನಮ್ಮ ರೂಟರಿನಲ್ಲಿ ಆಫ್ ಆಗಿತ್ತು. ಆನ್ ಮಾಡಿ ಪೋರ್ಟ್ ಬಿಟ್ಟ ಮೇಲೆ ರಿಲೇ ಹೋಗಿ ಟಿಸಿಪಿ ಅಂತ ಬಂತು. ಈಗ ಸೆಕೆಂಡಿಗೆ 4.6, 4.8 ಎಂಬಿ. ಎಲ್ಲರಿಗೂ ದೊಡ್ಡ ನಮಸ್ಕಾರ.

ಆದರೆ ಹೊಸ ತಲೆನೋವು. ಇದು ಓಡುವಾಗ ಅಂಗಡಿಯ ಉಳಿದ ಕೆಲಸ ಎಲ್ಲ ನಿಲ್ಲುತ್ತದೆ. ಒಂದು ಯುಪಿಐ ಪೇಮೆಂಟ್ ಸದ್ದು ಬರಲು ಅರ್ಧ ನಿಮಿಷ.

ಸಿಂಧನೂರು_ಪ್ಯಾಕೆಟ್

ಅಪ್‌ಲೋಡ್ ಪೈಪು ಪೂರ್ತಿ ತುಂಬಿದೆ. ನೀವು ಏನೇ ಡೌನ್‌ಲೋಡ್ ಮಾಡಿದರೂ ಬಂತು, ಬಂತು ಅಂತ ಚಿಕ್ಕ ಉತ್ತರ ಹೊರಗೆ ಹೋಗುತ್ತಿರಬೇಕು. ಅದು ವಿಡಿಯೊ ಹಿಂದೆ ಸಾಲಿನಲ್ಲಿ ನಿಂತಿದೆ. ಸಿಂಕ್‌ಥಿಂಗ್‌ನಲ್ಲಿ ಕಳಿಸುವ ಮಿತಿಯನ್ನು ಅಪ್‌ಲೋಡಿನ 80 ಪರ್ಸೆಂಟಿಗೆ ಇಡಿ, ನಿಮಗೆ ಸೆಕೆಂಡಿಗೆ 4 ಎಂಬಿ. ಹಗಲಿನಲ್ಲಿ ಇನ್ನೂ ಕಡಿಮೆ ಇಟ್ಟು, ರಾತ್ರಿ ಮುಚ್ಚುವಾಗ ಮಿತಿ ತೆಗೆದುಬಿಡಿ. ಟಾರೆಂಟಿನವರು ಇದಕ್ಕೇ ಯುಟಿಪಿ ಅಂತ ಮಾಡಿದರು, ಬೇರೆ ಟ್ರಾಫಿಕ್ ಬಂದರೆ ತಾನೇ ಹಿಂದೆ ಸರಿಯುತ್ತದೆ.

ಜೀನ್ಸ್_ಮಾರ್ಕರ್

ಲೆನ್ಸ್ ಸರ್, ಸೇಫ್ಟಿ ಕೇಳಿದ್ದಿರಿ, ಅದಕ್ಕೆ ಸರಿಯಾಗಿ ಯಾರೂ ಹೇಳಲಿಲ್ಲ. ಸಿಂಕ್‌ಥಿಂಗ್‌ನಲ್ಲಿ ಪ್ರತಿ ಕಂಪ್ಯೂಟರಿಗೂ ಉದ್ದನೆಯ ಒಂದು ಐಡಿ ಇರುತ್ತದೆ, ಏಳೇಳು ಅಕ್ಷರದ ಎಂಟು ಗುಂಪು. ಅದು ಆ ಕಂಪ್ಯೂಟರಿನ ಸರ್ಟಿಫಿಕೇಟಿನಿಂದ ಬಂದದ್ದು. ಎರಡೂ ಕಡೆಯವರು ಒಪ್ಪದೆ ಸಂಪರ್ಕವೇ ಆಗುವುದಿಲ್ಲ. ಟಿಎಲ್‌ಎಸ್ ಎನ್‌ಕ್ರಿಪ್ಶನ್ ಇರುವುದರಿಂದ ರಿಲೇಯಲ್ಲಿ ಹೋಗುತ್ತಿದ್ದಾಗಲೂ ನಡುವಿನವರಿಗೆ ವಿಡಿಯೊ ಕಾಣುತ್ತಿರಲಿಲ್ಲ. ಅದರ ಬಗ್ಗೆ ನಿಶ್ಚಿಂತೆಯಾಗಿರಿ.

ಕಷ್ಟ ಇರುವುದು ಬೇರೆ ಕಡೆ. ಎಡಿಟರ್ ಹುಡುಗನ ಕಂಪ್ಯೂಟರಿಗೆ ಪಾಸ್‌ವರ್ಡ್ ಇದೆಯಾ? ಅವನ ರೂಮಿನಲ್ಲಿ ಇನ್ನೂ ಇಬ್ಬರು ಅದನ್ನೇ ಬಳಸುತ್ತಾರಾ? ಮದುವೆಯ ಕೆಲಸ ಮುಗಿದ ಮೇಲೆ ಆ ಫೋಲ್ಡರ್ ಹಂಚುವುದನ್ನು ನಿಲ್ಲಿಸುತ್ತೀರಾ? ದಾರಿಯಲ್ಲಿ ಕದಿಯುವವರಿಗಿಂತ ತುದಿಯಲ್ಲಿ ಕದಿಯುವವರು ಜಾಸ್ತಿ.

ಸ್ಟೇಷನ್‌ರೋಡ್_ರಾಯಚೂರು

ಇನ್ನೊಂದು, ಬಹಳ ಮುಖ್ಯ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಬಳ್ಳಾರಿಯವನು ಜಾಗ ಇಲ್ಲ ಅಂತ ಕ್ಲಿಪ್ ಅಳಿಸಿದರೆ ಗಂಗಾವತಿಯಲ್ಲೂ ಅಳಿಯುತ್ತದೆ. ನಿಮ್ಮ ಕಡೆ ಫೋಲ್ಡರಿಗೆ ಕಳಿಸಲು ಮಾತ್ರ ಅಂತ ಇಡಿ, ಅವನ ಕಡೆ ಪಡೆಯಲು ಮಾತ್ರ. ಎಡಿಟ್ ಆದ ಫೈಲ್ ವಾಪಸ್ ಬರಲು ಬೇರೆ ಫೋಲ್ಡರ್. ಆಮೇಲೂ ಒರಿಜಿನಲ್ ಇನ್ನೊಂದು ಡಿಸ್ಕಿನಲ್ಲಿ ಇರಲಿ.

ಬಿಸಿಲುಕುದುರೆ

ಕರೆಂಟ್ ಹೋದರೆ ಮೊದಲಿನಿಂದ ಶುರುವಾಗುತ್ತಾ? ನಮ್ಮ ಕಡೆ ಏಪ್ರಿಲ್, ಮೇ ಗೊತ್ತಲ್ಲ.

ಹೊಳೆದಂಡೆ

ಇಲ್ಲ, ಬಂದ ತುಂಡು ಬಂದ ಹಾಗೇ ಇರುತ್ತದೆ, ಉಳಿದದ್ದು ಮಾತ್ರ ತರುತ್ತದೆ. ಬೇಸಿಗೆಯ ನಿಜವಾದ ಸಮಸ್ಯೆ ರೂಟರ್ ಕಾಯುವುದು. ಶೀಟಿನ ಮಾಳಿಗೆ ಕೆಳಗೆ, ಗೋಡೆಯ ಮೇಲ್ತುದಿಗೆ ಮೊಳೆ ಹೊಡೆದು ನೇತು ಹಾಕಿರುತ್ತಾರೆ. ಕೈಯಿಟ್ಟು ನೋಡಿ. ಕೆಳಗೆ ಇಳಿಸಿ ಫ್ಯಾನ್ ಗಾಳಿ ಬರುವ ಕಡೆ ಇಡಿ.

ಕುಷ್ಟಗಿ_ಕೇಬಲ್

ಬಿಸಿಲು, ಕರೆಂಟು ಬಿಡಿ. ರಸ್ತೆ ಅಗಲ ಮಾಡುವ ಜೆಸಿಬಿ ಬಂದರೆ ಎಲ್ಲ ಪ್ರೋಟೋಕಾಲೂ ಒಂದೇ.

ಗಂಗಾವತಿ_ಲೆನ್ಸ್

ಮಿತಿ ಹಾಕಿದೆ, ಯುಪಿಐ ಸದ್ದು ವಾಪಸ್ ಬಂತು. ಫೋಲ್ಡರ್ ಎರಡು ಮಾಡಿದ್ದೇವೆ. ಮೇಡಂ ಹೇಳಿದ್ದು ಕೇಳಿ ಎಡಿಟರಿಗೆ ಫೋನ್ ಮಾಡಿದರೆ, ಪಾಸ್‌ವರ್ಡ್ ಇದೆ ಅಂದ. ಏನು ಅಂತ ಕೇಳಿದೆ, 1234 ಅಂದ.

ಜೀನ್ಸ್_ಮಾರ್ಕರ್

ಅದನ್ನು ಇಲ್ಲಿ ಬೇರೆ ಹಾಕಿದಿರಲ್ಲ ಸರ್!

ಮಾನ್ವಿ_ಮೊಬೈಲ್ಸ್

ಸಿಂಕ್‌ಥಿಂಗ್ ಫೋನಿನಲ್ಲೂ ಹಾಕಬಹುದಾ? ಆಲ್ಬಮ್‌ಗೆ ಫೋಟೊ ಆರಿಸಿ ಕಳಿಸುವ ಗ್ರಾಹಕರು ಕೇಳುತ್ತಾರೆ.

ಸಿಂಧನೂರು_ಪ್ಯಾಕೆಟ್

ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತುಹೋಯಿತು. ಬೇರೆಯವರು ಮುಂದುವರಿಸಿದ ಫೋರ್ಕ್ ಇದೆ. ಹಾಕಿದರೆ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನು ಹೊರಗಿಡಬೇಕು, ಇಲ್ಲದಿದ್ದರೆ ಪರದೆ ಆರಿದ ತಕ್ಷಣ ಫೋನೇ ಅದನ್ನು ಮುಚ್ಚುತ್ತದೆ. ಆದರೆ ಗ್ರಾಹಕರಿಗೆ ಇದೆಲ್ಲ ಬೇಡ. ಅಂಗಡಿಗೆ ಬಂದಾಗ ಲೋಕಲ್‌ಸೆಂಡ್‌ನಲ್ಲಿ ತೆಗೆದುಕೊಳ್ಳಿ, ಐದು ನಿಮಿಷದ ಕೆಲಸ.